ಕೆಲಸ ಹೋಗಿ ಎಂಟು ತಿಂಗಳು. ದಿನವಿಡೀ ಬಿಡುವಿದೆ, ಆದರೆ ಏನೂ ಮಾಡಲಾಗುತ್ತಿಲ್ಲ. ನಿಮಗೂ ಹೀಗೇನಾ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು, ವಯಸ್ಸು 27. ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ವರ್ಷ ಇದ್ದೆ. ಎಂಟು ತಿಂಗಳ ಹಿಂದೆ ನಮ್ಮ ಇಡೀ ತಂಡವನ್ನೇ ತೆಗೆದರು. ಮೂರು ತಿಂಗಳು ಅಲ್ಲೇ ರೂಮಿನಲ್ಲಿದ್ದು ಹುಡುಕಿದೆ. ಬಾಡಿಗೆ ಕಟ್ಟಲು ಆಗದೆ ಊರಿಗೆ ಬಂದೆ.

ಕೆಲಸ ಕೊಡಿಸಿ ಎಂದು ಕೇಳಲು ಬಂದಿಲ್ಲ. ಅರ್ಜಿ ಹಾಕುತ್ತಲೇ ಇದ್ದೇನೆ. ನನ್ನ ತೊಂದರೆ ಹೊತ್ತಿನದು. ಕೆಲಸ ಇದ್ದಾಗ ಭಾನುವಾರ ಒಂದೇ ದಿನ ಸಿಗುತ್ತಿತ್ತು. ಅಷ್ಟರಲ್ಲೇ ಬಟ್ಟೆ ಒಗೆದು, ಅಡುಗೆ ಮಾಡಿ, ಕ್ರಿಕೆಟ್ ಆಡಿ, ರಾತ್ರಿ ನಲವತ್ತು ಪುಟ ಓದಿ ಮಲಗುತ್ತಿದ್ದೆ. ಈಗ ಏಳೂ ದಿನ ನನ್ನವೇ. ಊರಿಗೆ ತಂದ ಪುಸ್ತಕದ ಡಬ್ಬಿಯ ಟೇಪ್ ಇನ್ನೂ ಕಿತ್ತಿಲ್ಲ.

ಒಂಬತ್ತು ಗಂಟೆಯ ಬಸ್ಸು ನಮ್ಮ ಮನೆ ಮುಂದೆಯೇ ನಿಲ್ಲುತ್ತದೆ. ಅದು ಹೋಗುವ ತನಕ ನಾನು ಹೊರಗೆ ಬರುವುದಿಲ್ಲ. ಬಂದರೆ ಯಾರಾದರೂ "ಏನಪ್ಪಾ, ಇನ್ನೂ ರಜಾ ಮುಗಿದಿಲ್ವಾ?" ಅಂತಾರೆ. ಅಷ್ಟೊತ್ತಿಗೆ ಅವ್ವ ನನ್ನ ಚಹಾ ಲೋಟಕ್ಕೆ ತಾಟು ಮುಚ್ಚಿಟ್ಟು ಹೊಲಕ್ಕೆ ಹೋಗಿರುತ್ತಾಳೆ. ತಾಟು ತೆಗೆದರೆ ಚಹಾ ಆರಿ ಕೆನೆ ಕಟ್ಟಿರುತ್ತದೆ. ದಿನಾ ಅದನ್ನು ನೋಡುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಿನ್ನೆ ಫೋನು ನೋಡಿದ್ದು 7 ಗಂಟೆ 40 ನಿಮಿಷ. ಏನು ನೋಡಿದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಬಿಡುವು ಬೇಕು ಬೇಕು ಎಂದು ಒದ್ದಾಡಿದವನು ನಾನೇ. ಸಿಕ್ಕ ಮೇಲೆ ಯಾಕೆ ಹೀಗೆ? ಕೆಲಸ ಇಲ್ಲದ ದಿನಗಳನ್ನು ನೀವು ಹೇಗೆ ಕಳೆದಿರಿ?

ಮಳೆಹನಿ:
ನನ್ನ ಕಥೆಯನ್ನೇ ಬರೆದಂತಿದೆ. ನನಗೆ ಬಸ್ಸಿನ ಬದಲು ಎದುರು ಮನೆಯ ಆಂಟಿ.

ತುಂಗಭದ್ರಾ ದಂಡೆ:
ತಮ್ಮಾ, ಐದೂವರೆಗೆ ಏಳು. ಹಾಸಿಗೆ ಮಡಚು. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೋ. ನಾನು 34 ವರ್ಷ ನೌಕರಿ ಮಾಡಿ ನಿವೃತ್ತನಾದೆ. ಇವತ್ತಿಗೂ ಆರಕ್ಕೆ ವಾಕಿಂಗ್, ಎಂಟಕ್ಕೆ ಪೇಪರು, ಹತ್ತಕ್ಕೆ ತೋಟ. ಶಿಸ್ತು ಇದ್ದರೆ ಹೊತ್ತು ತಾನೇ ಹೋಗುತ್ತದೆ. ಈಗಿನ ಹುಡುಗರಿಗೆ ಫೋನೇ ದೊಡ್ಡ ರೋಗ.

ಖಾಲಿಜೇಬು:
ದಂಡೆ ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ನಿಮ್ಮ ಬಿಡುವಿಗೂ ಇವರ ಬಿಡುವಿಗೂ ಹೋಲಿಕೆಯೇ ಇಲ್ಲ. ನಿಮಗೆ ತಿಂಗಳ ಒಂದನೇ ತಾರೀಕಿಗೆ ಪಿಂಚಣಿ ಬರುತ್ತದೆ. ನೀವು ವಾಕಿಂಗ್ ಹೋದರೆ ಊರು "ಆರೋಗ್ಯ ನೋಡಿಕೊಳ್ಳುತ್ತಾರೆ" ಅನ್ನುತ್ತದೆ. ಅದೇ ರಸ್ತೆಯಲ್ಲಿ ಇವರು ಹೋದರೆ "ಖಾಲಿ ತಿರುಗುತ್ತಾನೆ" ಅನ್ನುತ್ತದೆ.

ಇನ್ನೊಂದು ಮಾತು. ಬಿಡುವಿಗೂ ದುಡ್ಡು ಬೇಕು. ಕ್ರಿಕೆಟ್ ಆಡಲು ಟರ್ಫಿಗೆ ತಲಾ ಇಷ್ಟು ಅಂತ ಹಾಕಬೇಕು. ಮದುವೆಗೆ ಹೋದರೆ ಮುಯ್ಯಿ ಮಾಡಬೇಕು. ಗೆಳೆಯರು ಚಹಾಕ್ಕೆ ಕರೆದರೆ ಮೂರನೇ ಸಲ ನಾವೇ ಕೊಡಬೇಕು. ನಾನು ಮೊದಲು ಚಹಾ ಬಿಟ್ಟೆ, ಆಮೇಲೆ ಗೆಳೆಯರನ್ನೇ ಬಿಟ್ಟೆ. ಕೊನೆಗೆ ಉಳಿದದ್ದು ತಿಂಗಳಿಗೆ ಒಮ್ಮೆ ರೀಚಾರ್ಜ್ ಮಾಡಿದರೆ ಸಾಕಾಗುವ ಆ ಫೋನು. ಅದನ್ನು ರೋಗ ಅನ್ನಬೇಡಿ ಸರ್. ಬೇರೆ ಎಲ್ಲಾ ಬಾಗಿಲು ಮುಚ್ಚಿದ ಮೇಲೆ ತೆರೆದಿರುವ ಒಂದೇ ಕಿಟಕಿ ಅದು.

ತುಂಗಭದ್ರಾ ದಂಡೆ:
ಪಿಂಚಣಿ ಮಾತು ಸರಿ, ಒಪ್ಪಿದೆ. ಬೇಗ ಏಳಲು ದುಡ್ಡು ಬೇಡವಲ್ಲ?

ಮಳೆಹನಿ:
ಎದ್ದು ಏನು ಮಾಡುವುದು ಸರ್? ಅದೇ ಅಲ್ವಾ ಪ್ರಶ್ನೆ.

ಚಾಮುಂಡಿ ತಪ್ಪಲು:
ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಕೆರೆಏರಿ ಅವರ ಪುಸ್ತಕದ ಡಬ್ಬಿಯ ಮಾತು ಓದಿ ಮೈ ಜುಂ ಎಂದಿತು. ಇದನ್ನು ತೊಂಬತ್ತು ವರ್ಷದ ಹಿಂದೆಯೇ ಒಂದು ಊರಿನಲ್ಲಿ ಅಳೆದು ನೋಡಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂಥಾಲ್ ಎಂಬ ಪುಟ್ಟ ಊರು. ಇಡೀ ಊರಿಗೆ ಒಂದೇ ಜವಳಿ ಗಿರಣಿ. 1929-30ರ ಹೊತ್ತಿಗೆ ಅದು ಮುಚ್ಚಿತು. ಮೇರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಅವರ ಜೊತೆಗಾರರು ಅಲ್ಲಿ ಹೋಗಿ ಜನ ಹೊತ್ತು ಹೇಗೆ ಕಳೆಯುತ್ತಾರೆ ಎಂದು ನೋಡಿದರು. 1933ರಲ್ಲಿ ಅದನ್ನು ಪ್ರಕಟಿಸಿದರು.

ಊರಿನ ಗ್ರಂಥಾಲಯದಲ್ಲಿ ಪುಸ್ತಕ ಒಯ್ಯಲು ಇದ್ದ ಶುಲ್ಕವನ್ನು ತೆಗೆದುಹಾಕಿದ್ದರು. ಓದಲು ದಿನವಿಡೀ ಇತ್ತು. ಆದರೂ ಒಯ್ಯುವ ಪುಸ್ತಕಗಳ ಸಂಖ್ಯೆ ಎರಡು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಹೆಚ್ಚಿನ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ರಸ್ತೆಯಲ್ಲಿ ನಡೆಯುವಾಗ ಪದೇ ಪದೇ ಸುಮ್ನೆ ನಿಲ್ಲುತ್ತಿದ್ದರು. ದಿನದ ಒಂದೊಂದು ಗಂಟೆಯಲ್ಲಿ ಏನು ಮಾಡಿದಿರಿ, ಬರೆದುಕೊಡಿ ಎಂದರೆ ಎದ್ದದ್ದು, ಊಟ ಮಾಡಿದ್ದು, ಮಲಗಿದ್ದು ಮಾತ್ರ ನೆನಪು. ನಡುವಿನ ಹೊತ್ತಿಗೆ ಬರೆಯಲು ಏನೂ ಇರಲಿಲ್ಲ.

ಆ ಜನರು ಸೋಮಾರಿಗಳಲ್ಲ. ಗಿರಣಿಯಲ್ಲಿ ದುಡಿದು ದುಡಿದು ಬಂದವರು. ಸಂಬಳದ ಜೊತೆಗೆ ಕೆಲಸ ಇನ್ನೂ ಹಲವನ್ನು ಕೊಡುತ್ತದೆ ಎಂದು ಯಹೋಡಾ ಮುಂದೆ ಬರೆದರು. ದಿನಕ್ಕೊಂದು ಅಚ್ಚುಕಟ್ಟು, ಮನೆಯಾಚೆಯ ನಾಲ್ಕು ಜನರ ಒಡನಾಟ, "ನಾನು ಇಂಥವನು" ಎಂದು ಹೇಳಿಕೊಳ್ಳಲು ಒಂದು ಹೆಸರು. ಅದೆಲ್ಲ ಒಟ್ಟಿಗೇ ಹೋದಾಗ ಉಳಿಯುವುದನ್ನು ಬಿಡುವು ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕೆರೆಏರಿ:
ಮೇಡಂ, ಗಡಿಯಾರದ ಮಾತು ಓದಿ ಕೈ ನೋಡಿಕೊಂಡೆ. ನನ್ನ ವಾಚ್ ಬ್ಯಾಗಿನಲ್ಲಿದೆ. ಬೆಂಗಳೂರು ಬಿಟ್ಟ ದಿನ ತೆಗೆದಿಟ್ಟದ್ದು.

ಸೆರಗಿನ ಗಂಟು:
ಎಲ್ಲಾ ಓದಿದೆ. ಒಂದು ಮಾತು ಕೇಳಲೇಬೇಕು. ಈ ಊರಿನ ಹೆಂಗಸರು ಏನು ಮಾಡುತ್ತಿದ್ದರು ಮೇಡಂ?

ಚಾಮುಂಡಿ ತಪ್ಪಲು:
ಒಳ್ಳೆ ಪ್ರಶ್ನೆ. ಅವರು ರಸ್ತೆಯಲ್ಲಿ ನಿಲ್ಲದೆ ಬೇಗ ಬೇಗ ನಡೆಯುತ್ತಿದ್ದರು. ಗಿರಣಿಯ ಕೆಲಸ ಹೋಯಿತು, ಮನೆಯ ಕೆಲಸ ಎಲ್ಲೂ ಹೋಗಲಿಲ್ಲ. ಕಡಿಮೆ ದುಡ್ಡಿನಲ್ಲಿ ಮನೆ ನಡೆಸಬೇಕಾಗಿ ಅದು ಇನ್ನೂ ಭಾರವಾಯಿತು.

ಸೆರಗಿನ ಗಂಟು:
ಅದನ್ನೇ ಹೇಳಬೇಕೆಂದಿದ್ದೆ. ನಾನು ಎಂ.ಕಾಂ. ಮಾಡಿದ್ದೇನೆ. ಮಗು ಆದ ಮೇಲೆ ಕೆಲಸ ಬಿಟ್ಟೆ. ಎರಡು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ನಾನೂ ನಿರುದ್ಯೋಗಿಯೇ. ಆದರೆ "ಹೊತ್ತು ಹೇಗೆ ಕಳೆಯುತ್ತೀಯಾ" ಎಂದು ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಕೆಲಸ ಇಲ್ಲದ ಗಂಡಸಿಗೆ ಹೊತ್ತು ಹೋಗುವುದಿಲ್ಲ, ಕೆಲಸ ಇಲ್ಲದ ಹೆಂಗಸಿಗೆ ಹೊತ್ತೇ ಸಿಗುವುದಿಲ್ಲ. ಸಂದರ್ಶನಕ್ಕೆ ಓದಿಕೊಳ್ಳಲು ನನಗೆ ಸಿಗುವುದು ಮಗು ಮಲಗಿದ ನಲವತ್ತು ನಿಮಿಷ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಮಗು ಏಳುತ್ತದೆ.

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನೋಡಿ. 2024ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ. ಕೆರೆಏರಿ, ಬೇಜಾರಾಗಬೇಡಿ. ಆ ಚಹಾ ಲೋಟವನ್ನು ತೊಳೆಯುವವರು ಯಾರು?

ಲೆಕ್ಕದ ಮೇಷ್ಟ್ರು:
ಅಂಕಿ ಸರಿ ಇದೆ ಮೇಡಂ, ಆದರೆ ನಿಜ ಸ್ಥಿತಿ ಇನ್ನೂ ಕೆಟ್ಟದಾಗಿದೆ. ಆ ಸರಾಸರಿ, ಸಮೀಕ್ಷೆಯ ದಿನ ಮನೆಗೆಲಸ ಮಾಡಿದವರದ್ದು ಮಾತ್ರ. 2019ರ ಸಮೀಕ್ಷೆಯಲ್ಲಿ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ ಎಂದಿತ್ತು. ಆದರೆ ಆರು ವರ್ಷ ದಾಟಿದ ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕಿದವರೇ 100ಕ್ಕೆ ಸುಮಾರು 26 ಜನ. ಕೈ ಹಾಕದವರನ್ನೂ ಸೇರಿಸಿ ಹಂಚಿದರೆ ಒಬ್ಬ ಗಂಡಸಿಗೆ ಬರುವುದು ಸುಮಾರು 25 ನಿಮಿಷ.

ಸೆರಗಿನ ಗಂಟು:
ಇಪ್ಪತ್ತೈದು ನಿಮಿಷ. ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ.

ಕೆರೆಏರಿ:
ಬೇಜಾರಿಲ್ಲ ಅಕ್ಕಾ. ಲೋಟ ತೊಳೆಯುವುದು ಅವ್ವನೇ. ಹೊಲದಿಂದ ಬಂದ ಮೇಲೆ. ನೀವು ಕೇಳಿದ ಮೇಲೆಯೇ ಇದು ನನ್ನ ತಲೆಗೆ ಬಂದದ್ದು.

ಸಪ್ತಾಪುರ ಮೂರನೇ ಅಡ್ಡರಸ್ತೆ:
ಧಾರವಾಡದಿಂದ. ಸಪ್ತಾಪುರದ ಕಡೆ ಬಂದವರಿಗೆ ಗೊತ್ತಿರುತ್ತದೆ, ಇಲ್ಲಿ ಹೆಜ್ಜೆಗೊಂದು ಸರ್ಕಾರಿ ಕೆಲಸದ ಪರೀಕ್ಷೆಯ ಕೋಚಿಂಗ್ ಸೆಂಟರ್. ನಾನು ಬಂದು ನಾಲ್ಕು ವರ್ಷ ಆಯಿತು. ನಮ್ಮನ್ನು ಯಾರಾದರೂ ನಿರುದ್ಯೋಗಿ ಅಂದರೆ ಸಿಟ್ಟು ಬರುತ್ತದೆ. ನಾವು "ತಯಾರಿ ನಡೆಸುತ್ತಿದ್ದೇವೆ". ಬೆಳಗ್ಗೆ ಆರಕ್ಕೆ ಓದುಕೋಣೆಯ ಮುಂದೆ ಸಾಲು. ಬ್ಯಾಗ್ ಇಟ್ಟು ಸೀಟು ಹಿಡಿದು ಮಿರ್ಚಿ-ಅವಲಕ್ಕಿ ತಿಂದು ಬಂದರೆ ರಾತ್ರಿ ಹತ್ತರ ತನಕ ಅಲ್ಲೇ. ಹೊತ್ತು ಹೋಗಲ್ಲ ಎಂಬ ಮಾತೇ ಇಲ್ಲ.

ಖಾಲಿಜೇಬು:
ಅಣ್ಣಾ, ಆ ಹದಿನಾರು ಗಂಟೆಯಲ್ಲಿ ನಿಜವಾಗಿ ಓದುವುದು ಎಷ್ಟು? ನಾನೂ ಹೀಗೇ ಓದುತ್ತಾ ಬೆಂಗಳೂರಿನ ವಿಜಯನಗರದಲ್ಲಿ ಮೂರು ವರ್ಷ ಇದ್ದವನು. ಜಗಳಕ್ಕೆ ಕೇಳುತ್ತಿಲ್ಲ.

ಸಪ್ತಾಪುರ ಮೂರನೇ ಅಡ್ಡರಸ್ತೆ:
ಮೊದಲ ವರ್ಷ ಹನ್ನೆರಡು ಗಂಟೆ. ಈಗ ಐದು ಆದರೆ ಜಾಸ್ತಿ. ಅದೇ ಇತಿಹಾಸದ ನೋಟ್ಸ್ ಎಷ್ಟು ಸಲ ಅಂತ ಓದುವುದು? ಬರೆದ ಒಂದು ಪರೀಕ್ಷೆ ರದ್ದಾಯಿತು, ಇನ್ನೊಂದಕ್ಕೆ ವರ್ಷಗಟ್ಟಲೆ ಕಾದೆವು. ಅಧಿಸೂಚನೆ ಬಂತಂತೆ ಎಂಬ ಮಾತು ವಾರಕ್ಕೊಮ್ಮೆ ಹಬ್ಬುತ್ತದೆ. ಆದರೂ ಇಲ್ಲಿಂದ ಎದ್ದು ಹೋಗುವುದಿಲ್ಲ. ಯಾಕೆ ಗೊತ್ತಾ? ಊರಿಗೆ ಹೋದರೆ ನಾನು ಕೆಲಸ ಇಲ್ಲದವನು. ಇಲ್ಲಿ ನಾನು ಓದುತ್ತಿರುವವನು. ಅಪ್ಪ ಸಂತೆಯಲ್ಲಿ ತಲೆ ಎತ್ತಿ ಹೇಳಬಹುದು, ಮಗ ಧಾರವಾಡದಲ್ಲಿದ್ದಾನೆ ಎಂದು. ತಿಂಗಳಿಗೆ ಅವರು ಕಳಿಸುವ ಆರು ಸಾವಿರದಲ್ಲಿ ನಾನು ಕೊಳ್ಳುತ್ತಿರುವುದು ಆ ಹೆಸರನ್ನೇ ಎಂದು ಒಮ್ಮೊಮ್ಮೆ ರಾತ್ರಿ ಅನ್ನಿಸುತ್ತದೆ. ಇದನ್ನು ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಮಳೆಹನಿ:
ಬರೆದದ್ದಕ್ಕೆ ಥ್ಯಾಂಕ್ಸ್ ಅಣ್ಣಾ.

ಲೆಕ್ಕದ ಮೇಷ್ಟ್ರು:
ನಿರುದ್ಯೋಗಿ ಯಾರು ಎಂಬ ಲೆಕ್ಕವೂ ವಿಚಿತ್ರ. ಕೇಂದ್ರದ ಶ್ರಮಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನದಲ್ಲಿ ಒಂದೇ ಒಂದು ಗಂಟೆ ಕೆಲಸ ಮಾಡಿದ್ದರೂ ಆತ ಉದ್ಯೋಗಿ. ಮನೆಯ ಹೊಲದಲ್ಲಿ ಸಂಬಳ ಇಲ್ಲದೆ ಕೈಜೋಡಿಸಿದರೂ ಉದ್ಯೋಗಿ. ಓದುತ್ತಾ ಕೂತು ಕೆಲಸ ಹುಡುಕದವನು ಶ್ರಮಬಲ, ಅಂದರೆ ಕೆಲಸ ಮಾಡುವವರ ಮತ್ತು ಹುಡುಕುವವರ ಗುಂಪಿನೊಳಗೇ ಬರುವುದಿಲ್ಲ. ಅಂದರೆ ಕೆರೆಏರಿ ಶನಿವಾರ ಅವ್ವನ ಜೊತೆ ಹೋಗಿ ಕಳೆ ತೆಗೆದರೆ ಉದ್ಯೋಗಿ, ಸಪ್ತಾಪುರದವರು ಲೆಕ್ಕದಿಂದಲೇ ಹೊರಗೆ. ಪೇಪರಿನಲ್ಲಿ ಬರುವ ಶೇಕಡಾವಾರು ನೋಡುವಾಗ ಇದು ತಲೆಯಲ್ಲಿರಲಿ.

ಹೊಸ ಚಿಗುರು:
ನಿರುದ್ಯೋಗಿಗಳಿಗೆ ರಾಜ್ಯ ಸರ್ಕಾರದ ಯುವನಿಧಿ ಭತ್ಯೆ ಬರುತ್ತದಲ್ಲ, ಅದಕ್ಕೆ ಹಾಕಿದ್ದೀರಾ? ಐದು ವರ್ಷ ಕೊಡುತ್ತಾರಂತೆ.

ಖಾಲಿಜೇಬು:
ಐದಲ್ಲ, ಎರಡು ವರ್ಷ. ಅಷ್ಟರೊಳಗೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಪಾಸಾದ ಮೇಲೆ 180 ದಿನ ಕೆಲಸ ಸಿಗದೆ ಇದ್ದವರಿಗೆ. 2022-23ರಲ್ಲಿ ಪಾಸಾದವರಿಂದ ಶುರುವಾಯಿತು. ನನ್ನ ತಂಗಿಗೆ ಬರುತ್ತಿದೆ. ಆದರೆ "ನಾನು ಈಗಲೂ ನಿರುದ್ಯೋಗಿ" ಎಂದು ತಾನೇ ಘೋಷಣೆ ಹಾಕುತ್ತಿರಬೇಕು. ಅದನ್ನು ಒತ್ತುವ ದಿನ ಅವಳ ಮುಖ ಸಪ್ಪಗಿರುತ್ತದೆ. ಆದರೂ ಬಸ್ಸಿನ ಖರ್ಚಿಗೆ, ಅರ್ಜಿ ಶುಲ್ಕಕ್ಕೆ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿದೆ. ಅದು ಸಣ್ಣದಲ್ಲ.

ತುಂಗಭದ್ರಾ ದಂಡೆ:
ಅವಳಿಗೆ ಬಸ್ಸು ಫ್ರೀ ಅಲ್ವಾ? ಶಕ್ತಿ ಯೋಜನೆ ಇದೆಯಲ್ಲ.

ಖಾಲಿಜೇಬು:
ಹೌದು ಸರ್, ಸರ್ಕಾರಿ ಬಸ್ಸು ಫ್ರೀ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು.

ಬಂಗಾರಪೇಟೆ ಜಂಕ್ಷನ್:
ಇಡೀ ಊರಿಗೇ ಕೆಲಸ ಹೋದರೆ ಹೇಗಿರುತ್ತದೆ ಎಂದು ನಾವು ಕೆಜಿಎಫ್ ಕಡೆಯವರು ಕಣ್ಣಾರೆ ಕಂಡಿದ್ದೇವೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ನಮ್ಮ ಸೋದರಮಾವ ನೆಲದೊಳಗೆ ಇಳಿಯುತ್ತಿದ್ದವರು. ಅಲ್ಲಿನ ಗಣಿಗಳು ಮೂರು ಕಿಲೋಮೀಟರಿಗಿಂತ ಆಳ. ಮುಚ್ಚಿದ ಮೇಲೂ ಮಾವ ಪಾಳಿಯ ಹೊತ್ತಿಗೇ ಎದ್ದು, ಶೂ ಹಾಕಿ, ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅತ್ತೆ ಸ್ವಲ್ಪ ದಿನ ಟಿಫನ್ ಡಬ್ಬಿಯನ್ನೂ ಕಟ್ಟಿಕೊಟ್ಟರು. ಮಾವ ಅದನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಊಟದ ಹೊತ್ತಿಗೆ ತೆಗೆಯುತ್ತಿದ್ದರು.

ಈಗಿನ ಹುಡುಗರ ಕಥೆ ಬೇರೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ವಾಪಸ್ಸು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರಿಗೆ ಬಿಡುವು ಅಂದರೆ ರೈಲಿನೊಳಗಿನ ಹೊತ್ತೇ. ಇಸ್ಪೀಟು, ಹಾಡು, ನಿದ್ದೆ, ಹುಟ್ಟುಹಬ್ಬ ಎಲ್ಲಾ ಬೋಗಿಯಲ್ಲಿ.

ಹೊಸ ಚಿಗುರು:
ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಕೆಜಿಎಫ್‌ಗೇ ಅಲ್ವಾ?

ಬಂಗಾರಪೇಟೆ ಜಂಕ್ಷನ್:
ಹೌದು, 1902ರಲ್ಲಿ. ಬೆಂಗಳೂರಿಗಿಂತ ಮೊದಲು. ಆ ಕಥೆ ಶುರು ಮಾಡಿದರೆ ಬೆಳಗಾಗುತ್ತದೆ.

ಪುತ್ತೂರು ಘಾಟಿ:
ನನಗೆ ಬೇರೆ ಒಂದು ನೆನಪು. ನಮ್ಮ ತುಳುನಾಡಿನಲ್ಲಿ ಇಡೀ ಊರಿಗೇ ಕೆಲಸ ಇಲ್ಲದ ಒಂದು ತಿಂಗಳಿತ್ತು. ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ನಾಟಿ ಮುಗಿದಿರುತ್ತಿತ್ತು, ಮಳೆ ಬಿಡುತ್ತಿರಲಿಲ್ಲ, ಕಣಜ ಖಾಲಿ. ಮದುವೆ ಮುಂಜಿ ಯಾವುದೂ ಇಲ್ಲ. ಆ ತಿಂಗಳಿಗೆ ಒಂದು ಆಟ ಇತ್ತು, ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಅದನ್ನು ಆಟಿಯಲ್ಲಿ ಮಾತ್ರ ಆಡಬೇಕು. ಬೇರೆ ತಿಂಗಳು ತೆಗೆದರೆ ಅಜ್ಜಿ ಬೈಯುತ್ತಿದ್ದರು. ಮಣೆಯನ್ನು ಅಟ್ಟದಿಂದ ಇಳಿಸುವಾಗ ಬರುವ ಹೊಗೆಯ ವಾಸನೆ ಈಗಲೂ ಮೂಗಿನಲ್ಲಿದೆ.

ಯಕ್ಷಗಾನದವರಿಗೂ ಹೀಗೇ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ದೀಪಾವಳಿ ಕಳೆಯುವ ತನಕ ತಿರುಗಾಟ ಇಲ್ಲ. ಆ ಮಳೆಗಾಲಕ್ಕೆ ತಾಳಮದ್ದಳೆ. ವೇಷ ಬೇಡ, ರಂಗಸ್ಥಳ ಬೇಡ. ಕೂತಲ್ಲೇ ಮಾತು.

ನನಗೆ ಅನ್ನಿಸುವುದು ಇಷ್ಟು. ಆಟಿಯಲ್ಲಿ ಎಲ್ಲರೂ ಒಟ್ಟಿಗೆ ಖಾಲಿ ಇದ್ದರು. ಯಾರೂ ಯಾರಿಗೂ ಮುಖ ತಪ್ಪಿಸಿ ಬಾಗಿಲ ಹಿಂದೆ ನಿಲ್ಲಬೇಕಾಗಿರಲಿಲ್ಲ. ಅದು ಮುಗಿಯುವ ದಿನವೂ ಗೊತ್ತಿತ್ತು. ಕೆರೆಏರಿ ಒಬ್ಬರೇ ಖಾಲಿ ಇದ್ದಾರೆ, ಯಾವಾಗ ಮುಗಿಯುತ್ತದೆ ಎಂದೂ ಗೊತ್ತಿಲ್ಲ. ನೋವು ಇರುವುದು ಅಲ್ಲಿ.

ಕುಮಾರಧಾರಾ:
ಘಾಟಿಯವರೇ, ಆಟಿಯನ್ನು ಇಷ್ಟು ಚಂದ ಮಾಡಬೇಡಿ. ಈಗ ಹಾಲ್‌ನಲ್ಲಿ ಆಟಿ ಕೂಟ ಮಾಡಿ ಪತ್ರೊಡೆ ಹಂಚುತ್ತಾರೆ. ಆಗ ತಗಟೆ ಸೊಪ್ಪು, ಹಲಸಿನ ಬೀಜ ತಿಂದದ್ದು ರುಚಿಗಲ್ಲ, ಅಕ್ಕಿ ಇಲ್ಲದೆ. ನನ್ನ ಅಜ್ಜಿ ಒಕ್ಕಲಿನವರು. ಆಟಿಯಲ್ಲಿ ಧಣಿಗಳ ಮನೆಯಿಂದ ಭತ್ತ ಸಾಲ ತಂದರೆ ಕೊಯ್ಲಿಗೆ ಹೆಚ್ಚು ಅಳೆದು ಕೊಡಬೇಕಿತ್ತು. ಚೆನ್ನೆಮಣೆ ಆಡಿದ್ದು ಹೌದು. ಹಸಿವು ಮರೆಯಲು ಆಡಿದ್ದು.

ಪುತ್ತೂರು ಘಾಟಿ:
ಒಪ್ಪಿದೆ. ನನ್ನ ಮನೆಯ ಕಣಜ ಖಾಲಿಯಾದದ್ದಕ್ಕೂ ನಿಮ್ಮ ಅಜ್ಜಿ ಮನೆಯ ಕಣಜಕ್ಕೂ ವ್ಯತ್ಯಾಸ ಇತ್ತು. ಅದನ್ನು ನಾನೇ ಹೇಳಬೇಕಿತ್ತು.

ಅಪ್ಪ ಚಿಕ್ಕಮಗಳೂರು:
ನಾನು ತಂದೆಯಾಗಿ ಕೇಳುತ್ತಿದ್ದೇನೆ. ಮಗನಿಗೆ 25. ಒಂದು ವರ್ಷದಿಂದ ಮನೆಯಲ್ಲಿದ್ದಾನೆ. ಸಂಜೆ ನಾನು ಬಂದ ತಕ್ಷಣ ರೂಮಿಗೆ ಹೋಗುತ್ತಾನೆ. ನಾನು ಕೇಳುವುದು ಒಂದೇ, "ಏನಾದರೂ ಬಂತಾ?" ಅಷ್ಟಕ್ಕೇ ಬಾಗಿಲು ಹಾಕಿಕೊಳ್ಳುತ್ತಾನೆ. ಬೈದಿಲ್ಲ, ಹೊಡೆದಿಲ್ಲ. ಹೇಗೆ ಮಾತಾಡಲಿ?

ಮಳೆಹನಿ:
ಅಂಕಲ್, ಆ ಒಂದೇ ಪ್ರಶ್ನೆ ಬಿಡಿ. ಬಂದಿದ್ದರೆ ಅವನೇ ಓಡಿ ಬಂದು ಹೇಳುತ್ತಿದ್ದ.

ಸೆರಗಿನ ಗಂಟು:
ಅವನಿಗೆ ಏನಾದರೂ ಒಪ್ಪಿಸಿ. "ಸ್ವಲ್ಪ ಸಹಾಯ ಮಾಡು" ಎಂದು ಸುಮ್ನೆ ಹೇಳಬೇಡಿ. ಪೂರ್ತಿ ಅವನದ್ದೇ ಆಗಿರಬೇಕು. ಮಂಗಳವಾರ, ಶುಕ್ರವಾರ ರಾತ್ರಿ ಅಡುಗೆ ಅವನದು. ಅವನು ಮಾಡದಿದ್ದರೆ ಮನೆಯವರಿಗೆ ಊಟ ಇಲ್ಲ, ಅಷ್ಟು ನಿಜವಾಗಿರಬೇಕು.

ಚಾಮುಂಡಿ ತಪ್ಪಲು:
ಇದನ್ನು ನಾನೂ ಹೇಳುತ್ತೇನೆ. ಇನ್ನೊಂದು, ಊಟ ನಿದ್ದೆ ಕೆಟ್ಟಿದ್ದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯವರೂ ಮಾಡಬಹುದು.

ಅಪ್ಪ ಚಿಕ್ಕಮಗಳೂರು:
ನಂಬರ್ ಬರೆದುಕೊಂಡೆ. ಅವನಿಗೆ ಮೀನು ಸಾರು ಚೆನ್ನಾಗಿ ಬರುತ್ತದೆ. ಭಾನುವಾರ ಕೇಳಿ ನೋಡುತ್ತೇನೆ.

ತುಂಗಭದ್ರಾ ದಂಡೆ:
ಇಷ್ಟೆಲ್ಲ ಓದಿದ ಮೇಲೆ ನನ್ನ ಮೊದಲ ಮಾತು ಸ್ವಲ್ಪ ಬದಲಾಯಿಸುತ್ತೇನೆ. ನಾನು ಬೇಗ ಏಳುವುದು ಶಿಸ್ತಿನಿಂದ ಎಂದುಕೊಂಡಿದ್ದೆ. ಯೋಚಿಸಿದರೆ, ಗೇಟಿನ ಹತ್ತಿರ ಇಬ್ಬರು ಗೆಳೆಯರು ನನಗಾಗಿ ಕಾಯುತ್ತಿರುತ್ತಾರೆ. ಅವರು ಊರಲ್ಲಿ ಇಲ್ಲದ ವಾರ ನಾನೂ ಏಳಲಿಲ್ಲ. ತಮ್ಮಾ, ನಿನಗಾಗಿ ಯಾರಾದರೂ ಕಾಯುವ ಹಾಗೆ ಮಾಡಿಕೋ.

ಖಾಲಿಜೇಬು:
ಈಗ ಹೇಳಿದ್ದು ಸರಿ ಸರ್.

ಮಳೆಹನಿ:
ನಿಮ್ಮ ಪಂಚಾಯ್ತಿಯಲ್ಲಿ ಅರಿವು ಕೇಂದ್ರ ಇದೆಯಾ? ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ಅದೇ ಹೆಸರು. ನಮ್ಮೂರಲ್ಲಿ ಸಂಜೆ ಶಾಲೆ ಮಕ್ಕಳು ಬರುತ್ತಾರೆ. ನಾನು ವಾರಕ್ಕೆ ಮೂರು ದಿನ ಗಣಿತ ಹೇಳಿಕೊಡುತ್ತೇನೆ. ದುಡ್ಡಿಲ್ಲ. ಒಂದು ದಿನ ಹೋಗದಿದ್ದಾಗ ನಾಲ್ಕು ಮಕ್ಕಳು ಮನೆಗೇ ಬಂದು "ಅಕ್ಕಾ ಜ್ವರಾನಾ?" ಎಂದು ಕೇಳಿದವು. ಎದುರು ಮನೆಯ ಆಂಟಿಯೂ ಆ ದಿನ ಬೇರೆ ಥರ ನೋಡಿದರು.

ಸಪ್ತಾಪುರ ಮೂರನೇ ಅಡ್ಡರಸ್ತೆ:
ಉಚಿತವಾಗಿ ದುಡಿಸಿಕೊಳ್ಳುವುದು ಅಭ್ಯಾಸವಾಗಬಾರದು ಅಷ್ಟೇ. ಹಾಗೆ ಶುರು ಮಾಡಿದ ಒಬ್ಬರು ಮೂರು ವರ್ಷ ಒಂದು ಕಡೆ ಸಂಬಳವಿಲ್ಲದೆ ಪಾಠ ಮಾಡಿದ್ದು ನನಗೆ ಗೊತ್ತು.

ಮಳೆಹನಿ:
ಅದೂ ನಿಜ. ನಾನು ದಿನ ಎಣಿಸಿಕೊಂಡೇ ಹೋಗುತ್ತೇನೆ. ಮೂರು ಅಂದರೆ ಮೂರೇ.

ಕೆರೆಏರಿ:
ಎಲ್ಲವನ್ನೂ ಎರಡೆರಡು ಸಲ ಓದಿದೆ. ಇವತ್ತು ಅವ್ವ ಹೊಲಕ್ಕೆ ಹೊರಡುವ ಮುಂಚೆ ಎದ್ದೆ. ಚಹಾ ನಾನೇ ಮಾಡಿದೆ. ಸಕ್ಕರೆ ಜಾಸ್ತಿ ಆಯಿತು. ಅವ್ವ ಏನೂ ಹೇಳದೆ ಕುಡಿದು, ಲೋಟ ನನ್ನ ಕೈಗೇ ಕೊಟ್ಟು ಹೋದಳು. ವಾಚ್ ತೆಗೆದು ನೋಡಿದೆ, ನಿಂತಿದೆ. ಸೆಲ್ ಹಾಕಿಸಬೇಕು. ಹಾವೇರಿಗೆ ಹೋಗಬೇಕು, ಹಾಗೇ ಅಲ್ಲಿಯ ಗ್ರಂಥಾಲಯಕ್ಕೂ ಹೋಗಿ ಬರೋಣ ಎಂದಿದ್ದೇನೆ. ನಾಳೆ ಸೋಮವಾರ ಒಂಬತ್ತರ ಬಸ್ಸಿಗೆ.

ಚಾಮುಂಡಿ ತಪ್ಪಲು:
ಸೋಮವಾರ ಸಾರ್ವಜನಿಕ ಗ್ರಂಥಾಲಯಗಳಿಗೆ ರಜೆ. ಮಂಗಳವಾರ ಹೋಗಿ.

ಕೆರೆಏರಿ:
ಸರಿ ಮೇಡಂ. ಹಾಗಾದರೆ ನಾಳೆ ಸೆಲ್ ಹಾಕಿಸಿಕೊಂಡು ಬರುತ್ತೇನೆ, ಮಂಗಳವಾರ ಗ್ರಂಥಾಲಯ. ಎರಡು ದಿನವೂ ಅದೇ ಬಸ್ಸು.